ಬೆಳ್ಳಿಯ ಮೇಲಿನ ಮುದ್ರೆಗೆ ಯಾರು ಹೊಣೆ?



ಚಿನ್ನವನ್ನು ಕೊಳ್ಳುವಾಗ ನಮ್ಮವರು ತೋರುವ ಎಚ್ಚರದ ಅರ್ಧವನ್ನೂ ಬೆಳ್ಳಿಯನ್ನು ಕೊಳ್ಳುವಾಗ ತೋರುವುದಿಲ್ಲ. ಬೆಲೆ ಕಡಿಮೆಯೆಂಬುದೇ ಅದಕ್ಕೆ ಕಾರಣವಿರಬೇಕು. ಆದರೆ ಬದುಕಿನ ಎಷ್ಟೋ ಘಟ್ಟಗಳಲ್ಲಿ ನಮ್ಮ ಮೈಗೆ ಮೊದಲು ತಗಲುವ ಲೋಹ ಬೆಳ್ಳಿಯೇ. ಮಗುವಿನ ಸೊಂಟಕ್ಕೆ ಕಟ್ಟುವ ಉಡುದಾರ, ಅಂಬೆಗಾಲಿಡುವಾಗ ತೊಡಿಸುವ ಕಾಲ್ಗೆಜ್ಜೆ, ಮದುವೆಯಲ್ಲಿ ಕಾಲುಂಗುರ, ದೇವರ ಮುಂದೆ ದೀಪ, ಪಂಚಪಾತ್ರೆ, ಉದ್ಧರಣೆ, ಅರಿಸಿನ ಕುಂಕುಮದ ಭರಣಿ. ಸೊಂಟದಿಂದ ಕೆಳಗೆ ಚಿನ್ನ ಧರಿಸಬಾರದೆಂಬ ಸಂಪ್ರದಾಯವುಳ್ಳ ಮನೆಗಳಲ್ಲಂತೂ ಕಾಲಿನ ಒಡವೆಯೆಂದರೆ ಬೆಳ್ಳಿಯದೇ. ಊರು ಬಿಟ್ಟು ಬಂದವರು ಈ ಸಣ್ಣ ವಸ್ತುಗಳನ್ನು ಇನ್ನಷ್ಟು ಅಕ್ಕರೆಯಿಂದ ಕಾಪಾಡಿಕೊಂಡಿದ್ದಾರೆ.

ಹೀಗಿರುವಾಗ ಈ ದೇಶದಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ದೂರು ಒಂದುಂಟು. ಅಂಗಡಿಯಲ್ಲಿ ಬೆಳ್ಳಿಯೆಂದು ಕೊಂಡ ಗೆಜ್ಜೆಯ ಕೊಂಡಿಯ ಮೇಲೆ 925 ಎಂದು ಅಚ್ಚಾಗಿರುತ್ತದೆ. ಎರಡು ತಿಂಗಳಲ್ಲಿ ಅದರ ಮೇಲ್ಮೈ ಸವೆದು ಕೆಂಪು ಅಥವಾ ಹಳದಿ ಛಾಯೆ ಇಣುಕುತ್ತದೆ. ಕೆಲವೊಮ್ಮೆ ಮಗುವಿನ ಚರ್ಮದ ಮೇಲೆ ತುರಿಕೆಯ ಗುಳ್ಳೆಗಳೂ ಏಳುತ್ತವೆ. ಮರಳಿ ಅಂಗಡಿಗೆ ಹೋದರೆ, “ಮುದ್ರೆ ಇದೆಯಲ್ಲ, ನೋಡಿ” ಎಂಬ ಉತ್ತರ ದೊರೆಯುತ್ತದೆ. ಮುದ್ರೆ ಇರುವುದು ನಿಜ. ಆದರೆ ಆ ಮುದ್ರೆಯನ್ನು ಒತ್ತಿದವರು ಯಾರು? ಅದಕ್ಕೆ ಹೊಣೆಗಾರರು ಯಾರು? ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಆ ಚರಿತ್ರೆ ಸಿಡ್ನಿಯನ್ನೂ ಮೆಲ್ಬೋರ್ನನ್ನೂ ಹಾದು, ತಕ್ಕಮಟ್ಟಿಗೆ ನಮ್ಮ ಮೈಸೂರನ್ನೂ ತಲುಪುತ್ತದೆಯೆಂಬುದು ನಮಗೆ ಕುತೂಹಲಕರವೆನಿಸಿದೆ.

ಮೊದಲು ಮುದ್ರೆಯ ತವರಾದ ಇಂಗ್ಲೆಂಡಿಗೆ ಹೋಗೋಣ. ಅಪ್ಪಟ ಬೆಳ್ಳಿ ತೀರ ಮೆದು; ಅದರಿಂದ ಮಾಡಿದ ಚಮಚ ಬಾಗುತ್ತದೆ, ಸರಪಳಿ ತುಂಡಾಗುತ್ತದೆ. ಆದುದರಿಂದ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದುದು ಹೆಚ್ಚಾಗಿ ತಾಮ್ರ, ಎಂಬ ಮಿಶ್ರಣ ಅಲ್ಲಿ ರೂಢಿಗೆ ಬಂತು. ಇದೇ ಸ್ಟರ್ಲಿಂಗ್. 1300ರಲ್ಲಿ ಒಂದನೆಯ ಎಡ್ವರ್ಡ್ ದೊರೆಯ ಕಾಲದ ಶಾಸನವೊಂದು, ಪರೀಕ್ಷೆಗೊಳಗಾಗಿ ಚಿರತೆಯ ತಲೆಯ ಗುರುತು ಪಡೆಯದ ಬೆಳ್ಳಿಯನ್ನು ಮಾರಕೂಡದೆಂದು ವಿಧಿಸಿತು. 1478ರಿಂದ ಲಂಡನ್ನಿನ ಅಕ್ಕಸಾಲಿಗರು ತಮ್ಮ ವಸ್ತುಗಳನ್ನು ತಮ್ಮ ಸಂಘದ ಸಭಾಭವನವಾದ ಗೋಲ್ಡ್‌ಸ್ಮಿತ್ಸ್ ಹಾಲ್‌ಗೆ ಒಯ್ದು ಪರೀಕ್ಷೆ ಮಾಡಿಸಬೇಕಾಯಿತು. ಆ ‘ಹಾಲ್’ನಲ್ಲಿ ಬಿದ್ದ ಮಾರ್ಕು ಹಾಲ್‌ಮಾರ್ಕ್ ಆಯಿತು. 1544ರಲ್ಲಿ ನಡೆಯುವ ಸಿಂಹದ ಗುರುತೂ ಬಂದು ಸೇರಿತು. ಇಲ್ಲಿ ಗಮನಿಸಬೇಕಾದುದು ಸಿಂಹವನ್ನಲ್ಲ, ಚಿರತೆಯನ್ನಲ್ಲ. ಮಾಡಿದವನೂ ಅಲ್ಲದ, ಮಾರುವವನೂ ಅಲ್ಲದ ಮೂರನೆಯವನೊಬ್ಬ ವಸ್ತುವಿನಿಂದ ಚೂರು ಕೆರೆದು, ಬೆಂಕಿಯಲ್ಲಿ ಪರೀಕ್ಷಿಸಿ, ತನ್ನ ಹೆಸರಿನ ಮೇಲೆ ಮುದ್ರೆ ಒತ್ತುತ್ತಿದ್ದ. ಮುದ್ರೆಯ ಬಲವೆಲ್ಲ ಆ ಮೂರನೆಯವನದು.

ಇಂಗ್ಲಿಷರು ಈ ಖಂಡಕ್ಕೆ ಬರುವಾಗ ತಮ್ಮ ನ್ಯಾಯಾಲಯಗಳನ್ನು, ಭೂಕಾಯಿದೆಗಳನ್ನು, ಚಾವಟಿಯನ್ನು ಕೂಡ ಹೊತ್ತುತಂದರು. ಆ ಮೂರನೆಯವನನ್ನು ಮಾತ್ರ ಕರೆತರಲಿಲ್ಲ.

ಆರಂಭದ ಸಿಡ್ನಿಯಲ್ಲಿ ಬೆಳ್ಳಿ ವಸ್ತುಗಳಿರಲಿ, ಚಲಾವಣೆಗೆ ನಾಣ್ಯವೇ ಇರಲಿಲ್ಲ. ರಮ್ ಮದ್ಯವೇ ನಾಣ್ಯದಂತೆ ನಡೆಯುತ್ತಿದ್ದ ಕಾಲವದು. 1812ರ ನವೆಂಬರಿನಲ್ಲಿ ಸಮರಾಂಗ್ ಎಂಬ ಹಡಗು 40,000 ಸ್ಪ್ಯಾನಿಷ್ ಡಾಲರುಗಳನ್ನು ತಂದಿಳಿಸಿತು. ಆ ಬೆಳ್ಳಿ ಬಂದದ್ದು ಮದರಾಸಿನಿಂದ! ಹೀಗೆ ನೋಡಿದರೆ ಸಿಡ್ನಿಗೂ ದಕ್ಷಿಣ ಭಾರತಕ್ಕೂ ಬೆಳ್ಳಿಯ ನಂಟು ನಮ್ಮ ವಲಸೆಗಿಂತ ಎಷ್ಟೋ ಹಳೆಯದು. ಹಾಗೆಯೇ ಬಿಟ್ಟರೆ ನಾಣ್ಯಗಳು ಮುಂದಿನ ಹಡಗಿನಲ್ಲೇ ದೇಶ ಬಿಟ್ಟು ಹೋಗುತ್ತವೆಂದು ಗವರ್ನರ್ ಮ್ಯಾಕ್ವಾರಿ ಪ್ರತಿಯೊಂದರ ನಡುವೆ ತೂತು ಕೊರೆಸಿದ. ಹೊರಗಿನ ಬಳೆಗೆ 5 ಷಿಲಿಂಗ್ ಬೆಲೆ, ಒಳಗಿನ ಬಿಲ್ಲೆಗೆ 15 ಪೆನ್ಸ್ ಬೆಲೆ. ಬಳೆಯ ಮೇಲೆ ನ್ಯೂ ಸೌತ್ ವೇಲ್ಸ್ 1813 ಎಂಬ ಹೊಸ ಮುದ್ರೆ. ಈ ಕೆಲಸಕ್ಕೆ ಅವನು ಹುಡುಕಿದ ಕುಶಲಿ ವಿಲಿಯಂ ಹೆನ್‌ಷಲ್. ಖೋಟಾ ನಾಣ್ಯದ ಅಪರಾಧಕ್ಕಾಗಿ ಗಡಿಪಾರಾಗಿ ಬಂದ ಕೈದಿ. ಕಳ್ಳಮುದ್ರೆ ಒತ್ತಿದವನ ಕೈಯಿಂದಲೇ ಸರಕಾರ ತನ್ನ ಮುದ್ರೆ ಒತ್ತಿಸಿಕೊಂಡಿತು. ಕೈ ಅದೇ, ಬೆಳ್ಳಿ ಅದೇ. ಹಿಂದೆ ನಿಂತ ಹೊಣೆಗಾರ ಬೇರೆಯಾದುದರಿಂದ ನಾಣ್ಯ ಸಾಚಾ ಆಯಿತು.

ಮುಂದೆ ಅಕ್ಕಸಾಲಿಗರು ಬಂದರು. 1824ರಲ್ಲಿ ಸಿಡ್ನಿಗೆ ಬಂದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಡಿಕ್ ಅವರಲ್ಲಿ ಪ್ರಸಿದ್ಧ. ಕಳವಿನ ಬೆಳ್ಳಿ ಚಮಚಗಳನ್ನು ಕೊಂಡನೆಂಬ ಆರೋಪದ ಮೇಲೆ 1829ರಲ್ಲಿ ಅವನಿಗೆ 7 ವರ್ಷಗಳ ಶಿಕ್ಷೆಯಾಗಿ ನಾರ್ಫೋಕ್ ದ್ವೀಪಕ್ಕೆ ಹೋದ. 1833ರಲ್ಲಿ ಕ್ಷಮಾದಾನ ದೊರೆತು ಹಿಂತಿರುಗಿ ಮತ್ತೆ ಅಂಗಡಿ ನಡೆಸಿದ. ಅವನೂ ಅವನ ಸಮಕಾಲೀನರೂ ತಮ್ಮ ಹೆಸರಿನ ಮೊದಲಕ್ಷರಗಳ ಪಕ್ಕದಲ್ಲಿ ಲಂಡನ್ನಿನ ಮುದ್ರೆಗಳನ್ನು ಹೋಲುವ ಗುರುತುಗಳನ್ನು ಒತ್ತುತ್ತಿದ್ದರು. 1851ರ ಚಿನ್ನದ ಶೋಧದಿಂದ ಮೆಲ್ಬೋರ್ನ್ ಶ್ರೀಮಂತವಾದಾಗ ಅಲ್ಲಿಯೂ ಬೆಳ್ಳಿಯ ಕೆಲಸ ಬೆಳೆಯಿತು. 1857ರಲ್ಲಿ ಬಂದ ವಿಲಿಯಂ ಎಡ್ವರ್ಡ್ಸ್‌ನಂಥವರು ಸಿಂಹದ ಬದಲು ಕಾಂಗರೂ, ಎಮುಗಳ ಗುರುತು ಬಳಸಿದರು. ಎಮುವಿನ ಹಸಿರು ಮೊಟ್ಟೆಗೆ ಬೆಳ್ಳಿಯ ಕಟ್ಟು ಹಾಕಿದ ಆ ಕಾಲದ ಬಟ್ಟಲುಗಳನ್ನು ನೀವು ಇಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ ನೋಡಿರಬಹುದು. ಇಂಥ ಗುರುತುಗಳನ್ನು ವಿದ್ವಾಂಸರು ಹುಸಿ ಹಾಲ್‌ಮಾರ್ಕುಗಳೆನ್ನುತ್ತಾರೆ. ಯಾವ ಪರೀಕ್ಷಾ ಭವನವೂ ಅವುಗಳ ಹಿಂದಿರಲಿಲ್ಲ. ಗ್ರಾಹಕನ ಮನಸ್ಸಿಗೆ ಸಮಾಧಾನವಾಗಲೆಂದು ಮಾಡಿದವನೇ ಒತ್ತಿಕೊಂಡವು.

ಸ್ವಾರಸ್ಯವೆಂದರೆ, ಆ ಹುಸಿ ಮುದ್ರೆಗಳ ಕೆಳಗಿನ ಬೆಳ್ಳಿ ಬಹುಮಟ್ಟಿಗೆ ಒಳ್ಳೆಯ ಬೆಳ್ಳಿಯೇ ಆಗಿತ್ತು. ಊರು ಚಿಕ್ಕದು, ಗಿರಾಕಿಗಳು ಪರಿಚಿತರು, ಅಂಗಡಿ ಇರುವ ಬೀದಿ ಎಲ್ಲರಿಗೂ ಗೊತ್ತು. ಮೋಸ ಮಾಡಿದವನಿಗೆ ಅಡಗಲು ಎಡೆಯಿಲ್ಲ. ಮುದ್ರೆ ಸುಳ್ಳು, ಬೆಳ್ಳಿ ನಿಜ. ಇಂದು ನಾವು ಎದುರಿಸುತ್ತಿರುವುದು ಇದರ ತಿರುವುಮುರುವು. 925 ಎಂಬ ಅಂಕಿ ಲೋಕವೆಲ್ಲ ಒಪ್ಪಿದ ಸರಿಯಾದ ಅಂಕಿ. ಅದರ ಕೆಳಗಿನ ಲೋಹ ಹಿತ್ತಾಳೆ. ಒತ್ತಿದ ಕೈ ಯಾವ ದೇಶದ್ದೆಂದು ಮಾರುವವನಿಗೂ ತಿಳಿಯದು.

ಬ್ರೋಕನ್ ಹಿಲ್‌ನಲ್ಲಿ ಅಗೆದು ತೆಗೆದ ಬೆಳ್ಳಿ ಈ ದೇಶವನ್ನು ಬೆಳ್ಳಿಯ ನಾಡುಗಳ ಸಾಲಿಗೆ ಸೇರಿಸಿತು. ಆದರೂ ಕಡ್ಡಾಯ ಹಾಲ್‌ಮಾರ್ಕ್ ವ್ಯವಸ್ಥೆಯಾಗಲಿ, ಸರಕಾರಿ ಪರೀಕ್ಷಾ ಭವನವಾಗಲಿ ಆಸ್ಟ್ರೇಲಿಯಾದಲ್ಲಿ ಬರಲೇ ಇಲ್ಲ. ಬ್ರಿಟನ್ನಿನಲ್ಲಿ 1973ರ ಹಾಲ್‌ಮಾರ್ಕಿಂಗ್ ಕಾಯಿದೆಯಂತೆ 7.78 ಗ್ರಾಮಿಗಿಂತ ಹೆಚ್ಚು ತೂಗುವ ಬೆಳ್ಳಿಗೆ ಮುದ್ರೆ ಬೇಕೇ ಬೇಕು. ಅಲ್ಲಿಂದ ಬಂದ ಬಂಧುಗಳು ಇಲ್ಲಿಯೂ ಹಾಗೆಯೇ ಇರಬೇಕೆಂದು ಭಾವಿಸುವುದನ್ನು ನಾವು ಕಂಡಿದ್ದೇವೆ. ಇಲ್ಲಿ 925 ಎಂಬುದು ತಯಾರಕನ ಅಥವಾ ವ್ಯಾಪಾರಿಯ ಹೇಳಿಕೆ, ಅಷ್ಟೇ.

ಇನ್ನು ನಮ್ಮ ಕಡೆಗೆ ತಿರುಗೋಣ. ಬೆಳ್ಳಿ ಚಿನ್ನಗಳ ಮೋಸವನ್ನು ಕುರಿತು ನಮಗೆ ದೊರೆತಿರುವ ಬಹು ಪ್ರಾಚೀನ ಹಾಗೂ ಬಹು ವಿವರವಾದ ಬರವಣಿಗೆಗಳಲ್ಲೊಂದು ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. ಅಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಪಂಡಿತ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಸುವರ್ಣಾಧ್ಯಕ್ಷನೆಂಬ ಅಧಿಕಾರಿಯ ವಿಚಾರವಿದೆ. ಅವನ ಕಾರ್ಯಶಾಲೆಯಾದ ಅಕ್ಷಶಾಲೆಗೆ ಒಂದೇ ಬಾಗಿಲು. ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ತಪಾಸಣೆ ಮಾಡಬೇಕು. ನಮ್ಮ ‘ಅಕ್ಕಸಾಲೆ’, ‘ಅಕ್ಕಸಾಲಿಗ’ ಎಂಬ ಮಾತುಗಳು ಈ ಅಕ್ಷಶಾಲೆಯಿಂದಲೇ ಹುಟ್ಟಿದವು. ಅಂದರೆ ಕನ್ನಡಿಗರು ಈ ಕುಶಲಿಯನ್ನು ಕರೆಯುವ ಹೆಸರಿನಲ್ಲೇ ಒಂದು ಕಾವಲಿನ ನೆನಪು ಉಳಿದಿದೆ.

ಕೌಟಿಲ್ಯನು ಲೋಹವನ್ನು ಅಪಹರಿಸುವ ಐದು ಬಗೆಗಳನ್ನು ಹೇಳುತ್ತಾನೆ: ತಕ್ಕಡಿಯ ಮೋಸ, ಲೋಹವನ್ನು ತೆಗೆದು ಬೇರೆಯದನ್ನಿಡುವುದು, ಸೋರಿಸುವುದು, ಹೊದಿಸುವುದು, ತುಂಬುವುದು. ನಮ್ಮ ಇಂದಿನ ವಿಷಯಕ್ಕೆ ನಾಲ್ಕನೆಯದು ಮುಖ್ಯ. ಅದಕ್ಕೆ ಅವನಿಟ್ಟ ಹೆಸರು ಪೇಟಕ. ಸೀಸದ ಅಚ್ಚಿಗೆ ಚಿನ್ನದ ತಗಡನ್ನು ಗಟ್ಟಿಯಾಗಿ ಕೂಡಿಸಿ ಪೂರ್ತಿ ಚಿನ್ನವೆಂದು ಒಪ್ಪಿಸುವುದು ಅದರ ಒಂದು ರೀತಿ. ಮಾಲ್‌ನ ಮಳಿಗೆಯಲ್ಲಿ ಮಿರುಗುವ ಮುಲಾಮಿನ ಗೆಜ್ಜೆಗೆ ಇದಕ್ಕಿಂತ ಸರಿಯಾದ ಶಾಸ್ತ್ರೀಯ ನಾಮ ನಮಗೆ ತೋಚದು. ಕೆಲಸ ಮಾಡುವಾಗ ಅಕ್ಕಸಾಲಿಗನ ಯಾವ ಯಾವ ಚೇಷ್ಟೆಗಳನ್ನು ಅನುಮಾನಿಸಬೇಕೆಂಬ ಪಟ್ಟಿಯೂ ಅಲ್ಲಿದೆ. ಮಾತಿಗೆಳೆಯುವುದು, ತಲೆ ಮುಟ್ಟಿಕೊಳ್ಳುವುದು, ಮಡಿಲು ನೋಡಿಕೊಳ್ಳುವುದು, ನೊಣ ಓಡಿಸುವುದು ಕೂಡ! ಓದುವಾಗ ನಗು ಬರುತ್ತದೆ. ಆದರೆ ಬರೆದವನು ಎಷ್ಟು ಹೊತ್ತು ಅಕ್ಕಸಾಲೆಯ ಮುಂದೆ ಕಣ್ಣು ಮಿಟುಕಿಸದೆ ಕುಳಿತಿದ್ದನೋ!

ಅದೇ ಗ್ರಂಥದಲ್ಲಿ ಸರಕಾರದ ಬೆಳ್ಳಿ ಪಣಕ್ಕೆ ಕಾಲು ಭಾಗ ತಾಮ್ರವನ್ನೂ ಹದಿನಾರನೆಯ ಒಂದು ಭಾಗ ಇತರ ಲೋಹವನ್ನೂ ಬೆರೆಸಬೇಕೆಂದಿದೆ. ಬೆರೆಸುವುದೇ ಮೋಸವಲ್ಲ, ಎಷ್ಟು ಬೆರೆಸಿದೆಯೆಂಬುದನ್ನು ಮುಚ್ಚಿಡುವುದು ಮೋಸ. ಈ ಭೇದವನ್ನು ಮರೆತರೆ ನಾವು ಪ್ರಾಮಾಣಿಕ ವ್ಯಾಪಾರಿಗೂ ಅನ್ಯಾಯ ಮಾಡಿದಂತಾಗುತ್ತದೆ.

ಅಕ್ಕಸಾಲಿಗನು ಸ್ವಂತ ಅಕ್ಕನ ಒಡವೆಯಲ್ಲೂ ಕೈಯಾಡಿಸುತ್ತಾನೆಂಬ ಅರ್ಥದ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಒಂದು ಇಡೀ ಸಮುದಾಯದ ಮೇಲೆ ಹೊರಿಸಿದ ಈ ಅಪವಾದ ನಮಗೆ ಒಪ್ಪಿಗೆಯಿಲ್ಲ. ಹಳೆಯ ಮೈಸೂರಿನ ಅಕ್ಕಸಾಲಿಗ, ಉತ್ತರ ಕರ್ನಾಟಕದ ಪತ್ತಾರ, ಕರಾವಳಿಯ ಆಚಾರಿ ಇವರೆಲ್ಲ ಗಿರಾಕಿಯ ಕಣ್ಣೆದುರಿನಲ್ಲೇ ಬದುಕಿದವರು. ಮನೆಯವರು ಬೆಳ್ಳಿ ರೂಪಾಯಿಗಳನ್ನು ಗಂಟು ಕಟ್ಟಿಕೊಂಡು ಹೋಗಿ, ಮೂಸೆಯ ಮುಂದೆ ಕುಳಿತು, ತಮ್ಮ ನಾಣ್ಯ ಕರಗುವುದನ್ನು ನೋಡುತ್ತಿದ್ದ ಪದ್ಧತಿ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ರೂಪಾಯಿಯ ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಇದು ದೇಶವಿಡೀ ಒಪ್ಪಿದ ಮಾತು. ಆದುದರಿಂದ ಒಡವೆಗೆ ಮುದ್ರೆ ಬೇಕಿರಲಿಲ್ಲ. ಲಂಬಾಣಿ ಹೆಂಗಸರು ರೂಪಾಯಿಗಳನ್ನೇ ಪೋಣಿಸಿ ಧರಿಸಿದಾಗ ಮುದ್ರೆ ಎದೆಯ ಮೇಲೇ ಇತ್ತು! ಒಡವೆಯಲ್ಲಿ ಬೆಸುಗೆ ಹೆಚ್ಚಾಯಿತೆಂದೋ ಸವಕಳಿ ಅತಿಯಾಯಿತೆಂದೋ ಜಗಳ ನಡೆಯುತ್ತಿತ್ತು, ನಿಜ. ಆದರೆ ಮಾರನೆಯ ದಿನ ಅದೇ ಬೀದಿಯಲ್ಲಿ, ಅದೇ ಜಾತ್ರೆಯಲ್ಲಿ ಮುಖ ನೋಡಲೇಬೇಕಲ್ಲ. ಆ ದಾಕ್ಷಿಣ್ಯವೇ ಲಂಡನ್ನಿನ ಪರೀಕ್ಷಾ ಭವನದ ಕೆಲಸವನ್ನು ಮಾಡುತ್ತಿತ್ತು.

ಈ ವ್ಯವಸ್ಥೆಗೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಒಂದು ಸರಕಾರದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಭಾರತದ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಲಾಯಿತು. 1947ರ ಹೊತ್ತಿಗೆ ಅದು ಬರಿಯ ನಿಕ್ಕಲ್ ಆಯಿತು. ಆಸ್ಟ್ರೇಲಿಯಾದಲ್ಲಿಯೂ 1910ರಿಂದ 925ರ ಮಟ್ಟದಲ್ಲಿದ್ದ ಬೆಳ್ಳಿ ನಾಣ್ಯ 1946ರಲ್ಲಿ ಅರ್ಧಕ್ಕೇ ಇಳಿಯಿತು. ಇನ್ನೊಂದು ಪೆಟ್ಟು ಬಿದ್ದದ್ದು ಲೋಹಶಾಸ್ತ್ರದಿಂದ. ತಾಮ್ರ, ನಿಕ್ಕಲ್, ಸತುಗಳ ಬಿಳಿಯ ಮಿಶ್ರಲೋಹವೊಂದನ್ನು ಚೀನೀಯರು ಬಹುಕಾಲದಿಂದ ಬಲ್ಲವರಾಗಿದ್ದರು. 1820ರ ದಶಕದಲ್ಲಿ ಜರ್ಮನಿಯಲ್ಲಿ ಅದರ ತಯಾರಿಕೆ ಆರಂಭವಾಯಿತು. ಅದೇ ನಮ್ಮ ಜರ್ಮನ್ ಸಿಲ್ವರ್. ಹೆಸರಿನಲ್ಲಿ ಸಿಲ್ವರ್ ಇದೆ, ಒಳಗೆ ಗುಲಗಂಜಿ ತೂಕದ ಬೆಳ್ಳಿಯೂ ಇಲ್ಲ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆಯಿತು. ಇಲ್ಲಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಇ.ಪಿ.ಎನ್.ಎಸ್. ಎಂಬ ನಾಲ್ಕಕ್ಷರವುಳ್ಳ ತಟ್ಟೆ ಬಟ್ಟಲುಗಳು ಸಿಗುತ್ತವೆ. ಅವು ನಿಕ್ಕಲ್ ಮಿಶ್ರಲೋಹದ ಮೇಲೆ ಬೆಳ್ಳಿ ಲೇಪವಾದವು. ಅಕ್ಷರಗಳನ್ನು ಒಂದೊಂದು ಪುಟ್ಟ ಗುರಾಣಿಯೊಳಗೆ ಹಾಲ್‌ಮಾರ್ಕಿನಂತೆಯೇ ಕೂರಿಸಿರುತ್ತಾರೆ. ಅವು ಸುಳ್ಳು ಹೇಳುವುದಿಲ್ಲ. ಸರಿಯಾಗಿ ಓದದವರನ್ನು ಎಚ್ಚರಿಸುವುದೂ ಇಲ್ಲ. ಗೃಹಪ್ರವೇಶ ಉಪನಯನಗಳಲ್ಲಿ ಉಡುಗೊರೆಯಾಗಿ ಬರುವ ಜರ್ಮನ್ ಸಿಲ್ವರ್ ತಟ್ಟೆಯ ಬಗ್ಗೆ ನಮಗೆ ತಕರಾರಿಲ್ಲ. ಅದನ್ನು ಬೆಳ್ಳಿಯ ದರಕ್ಕೆ ಮಾರಿದಾಗ, ನಿಕ್ಕಲ್ ಒಗ್ಗದ ಮಗುವಿನ ಸೊಂಟಕ್ಕೆ ಬೆಳ್ಳಿಯೆಂದು ಕಟ್ಟಿಸಿದಾಗ ಮಾತ್ರ ತಕರಾರು.

ಭಾರತದಲ್ಲಿ ಮೂರನೆಯವನ ಮುದ್ರೆ ತಡವಾಗಿಯಾದರೂ ಬಂತು. ಭಾರತೀಯ ಮಾನಕ ಸಂಸ್ಥೆ ಚಿನ್ನಕ್ಕೆ 2000ದಲ್ಲಿ, ಬೆಳ್ಳಿಗೆ 2005ರಲ್ಲಿ ಹಾಲ್‌ಮಾರ್ಕ್ ಆರಂಭಿಸಿತು. 2021ರ ಜೂನ್ 16ರಿಂದ ಚಿನ್ನಕ್ಕೆ ಅದು ಹಂತಹಂತವಾಗಿ ಕಡ್ಡಾಯವಾಯಿತು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಹಾಲ್‌ಮಾರ್ಕಿಗೂ ಆರು ಅಕ್ಷರ ಅಂಕಿಗಳ ಗುರುತು ಸೇರಿತು. ಸಂಸ್ಥೆಯ ಮೊಬೈಲ್ ತಂತ್ರಾಂಶದಲ್ಲಿ ಅದನ್ನು ಪರಿಶೀಲಿಸಬಹುದು. ಆದರೆ ಬೆಳ್ಳಿಯ ಮಟ್ಟಿಗೆ ಅದನ್ನು ವ್ಯಾಪಾರಿಯ ಇಚ್ಛೆಗೆ ಬಿಡಲಾಯಿತು. ರಜೆಯಲ್ಲಿ ಊರಿಗೆ ಹೋದಾಗ ಬೆಂಗಳೂರಿನ ನಗರ್ತಪೇಟೆಯಲ್ಲೋ ಮೈಸೂರಿನ ಅಶೋಕ ರಸ್ತೆಯಲ್ಲೋ ಕೊಳ್ಳುವವರು ಹಾಲ್‌ಮಾರ್ಕ್ ಇರುವುದನ್ನೇ ಕೇಳಿ ಪಡೆಯಬೇಕಾಗುತ್ತದೆ.

ಆಸ್ಟ್ರೇಲಿಯಾದಲ್ಲಿ ಮುದ್ರೆಗೆ ಹೊಣೆಗಾರರಿಲ್ಲ, ಆದರೆ ಮಾತಿಗೆ ಇದ್ದಾರೆ. 1974ರ ಟ್ರೇಡ್ ಪ್ರಾಕ್ಟಿಸಸ್ ಕಾಯಿದೆ ದಾರಿತಪ್ಪಿಸುವ ವ್ಯಾಪಾರವನ್ನು ನಿಷೇಧಿಸಿತು. 2011ರ ಜನವರಿ 1ರಿಂದ ಅದರ ಸ್ಥಾನದಲ್ಲಿ ಆಸ್ಟ್ರೇಲಿಯನ್ ಕನ್ಸ್ಯೂಮರ್ ಲಾ ದೇಶವಿಡೀ ಜಾರಿಗೆ ಬಂತು. ವಸ್ತು ಅದರ ವರ್ಣನೆಗೆ ತಕ್ಕಂತಿರಬೇಕೆಂಬುದು ಅದರ ಒಂದು ಮೂಲ ಖಾತರಿ. ಬೆಳ್ಳಿಯೆಂದು ಕೊಂಡದ್ದು ಹಿತ್ತಾಳೆಯಾಗಿದ್ದರೆ ಹಣ ಹಿಂದಕ್ಕೆ ಬೇಕೋ ಬದಲಿ ಬೇಕೋ ಎಂಬ ಆಯ್ಕೆ ಕೊಂಡವರದು. ಹಣ ಹಿಂತಿರುಗಿಸುವುದಿಲ್ಲವೆಂಬ ಫಲಕ ಗೋಡೆಯ ಮೇಲಿದ್ದರೂ ಈ ಹಕ್ಕು ಅಳಿಯದು. ಅಂಥ ಫಲಕ ಹಾಕುವುದೇ ಕಾನೂನಿಗೆ ವಿರುದ್ಧ. 75 ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ವ್ಯಾಪಾರಕ್ಕೆ ರಸೀದಿ ಕೊಡಲೇಬೇಕು. ಅದಕ್ಕೂ ಕಡಿಮೆಯಾದರೆ ಕೇಳಿದ 7 ದಿನಗಳೊಳಗೆ ಕೊಡಬೇಕು.

ಆ ರಸೀದಿಯಲ್ಲಿ ಬರಿಯ ‘ಆಂಕ್ಲೆಟ್’ ಎಂದೋ ‘ಜ್ಯುವೆಲರಿ’ ಎಂದೋ ಇದ್ದರೆ ಸಾಲದು. ‘ಸ್ಟರ್ಲಿಂಗ್ ಸಿಲ್ವರ್ 925’ ಎಂದೂ ತೂಕ ಇಷ್ಟು ಗ್ರಾಂ ಎಂದೂ ಬರೆಸಿಕೊಳ್ಳಬೇಕು. ನಮ್ಮ ದೃಷ್ಟಿಯಲ್ಲಿ ಈ ದೇಶದ ನಿಜವಾದ ಹಾಲ್‌ಮಾರ್ಕ್ ಅದೇ: ಲೋಹದ ಮೇಲಿನದಲ್ಲ, ಕಾಗದದ ಮೇಲಿನದು, ಅದರ ಕೆಳಗೆ ಅಂಗಡಿಯ ಹೆಸರೂ ನೋಂದಣಿ ಸಂಖ್ಯೆಯೂ ಇರುತ್ತವೆ. ಬರೆದುಕೊಡಲು ಹಿಂಜರಿಯುವ ಅಂಗಡಿಯವರು ಆ ಹಿಂಜರಿಕೆಯಲ್ಲೇ ನಮಗೆ ಬೇಕಾದ ಉತ್ತರ ಕೊಟ್ಟಿರುತ್ತಾರೆ.

ಮೋಸವಾಗಿದೆಯೆಂಬ ಶಂಕೆ ಬಂದಾಗ ಅಂಗಡಿಯವರನ್ನು ಕಳ್ಳರೆಂದು ಕೂಗಾಡುವುದು ಉಚಿತವಲ್ಲ. ಎಷ್ಟೋ ವೇಳೆ ಸಗಟು ವ್ಯಾಪಾರಿಯಿಂದ ಅವರೂ ಮೋಸಹೋಗಿರುತ್ತಾರೆ. ಕಾನೂನಿಗೂ ಇಲ್ಲಿ ದುರುದ್ದೇಶದ ರುಜುವಾತು ಬೇಕಿಲ್ಲ. ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ತಾಳೆಯಿಲ್ಲವೆಂದು ತೋರಿಸಿದರೆ ಸಾಕು. ಬೇರೊಬ್ಬ ಆಭರಣ ಪರೀಕ್ಷಕರಿಂದ ಬರವಣಿಗೆಯಲ್ಲಿ ವರದಿ ಪಡೆದು, ರಸೀದಿ ಮತ್ತು ಛಾಯಾಚಿತ್ರಗಳೊಡನೆ ಸೌಜನ್ಯದಿಂದ ಕೇಳಬೇಕು. ಒಪ್ಪದಿದ್ದರೆ ಸಿಡ್ನಿಯವರು ನ್ಯೂ ಸೌತ್ ವೇಲ್ಸ್ ಫೇರ್ ಟ್ರೇಡಿಂಗ್‌ಗೂ ಮೆಲ್ಬೋರ್ನಿನವರು ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾಕ್ಕೂ ದೂರು ಕೊಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಆಯಾ ರಾಜ್ಯದ ಟ್ರಿಬ್ಯುನಲ್ ಇದೆ. ವಕೀಲರಿಲ್ಲದೆ ತಾವೇ ಹೋಗಿ ಅಹವಾಲು ಹೇಳಿಕೊಳ್ಳಬಹುದು.

ನಮ್ಮವರು ಇಷ್ಟು ದೂರ ಹೋಗುವುದು ಅಪರೂಪ. ಹ್ಯಾರಿಸ್ ಪಾರ್ಕಿನಲ್ಲಿ, ಡ್ಯಾಂಡೆನಾಂಗಿನಲ್ಲಿ ನಮ್ಮ ದೇಶದವರ ಅಂಗಡಿಗಳಲ್ಲಿ ಕೊಳ್ಳುವಾಗ ಬಿಲ್ಲು ಕೇಳುವುದಕ್ಕೇ ಸಂಕೋಚ: “ಪಾಪ, ನಮ್ಮವರೇ, ಏನೆಂದುಕೊಂಡಾರು!” ಊರಿನಲ್ಲಿ ಅಕ್ಕಸಾಲಿಗನನ್ನು ಕಟ್ಟಿಹಾಕುತ್ತಿದ್ದ ದಾಕ್ಷಿಣ್ಯ ಇಲ್ಲಿ ಗಿರಾಕಿಯನ್ನು ಕಟ್ಟಿಹಾಕಿದೆ. ಪ್ರಾಮಾಣಿಕ ಅಂಗಡಿಯವರಿಗೆ ಬಿಲ್ಲು ಕೇಳುವುದರಿಂದ ಅವಮಾನವಾಗದು. ಖೋಟಾ ಮಾಲು ಅಗ್ಗವಾಗಿ ಬಿಕರಿಯಾದರೆ ಮೊದಲು ಮುಚ್ಚುವುದು ಅವರ ಅಂಗಡಿಯೇ ಅಲ್ಲವೇ?

ಕೊನೆಯಲ್ಲಿ ಪರೀಕ್ಷೆಯ ಮಾತು. ಬೆಳ್ಳಿ ಕಪ್ಪಾದರೆ ಖೋಟಾ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಗಾಳಿಯಲ್ಲಿನ ಗಂಧಕದ ಅಂಶದಿಂದ ಕಪ್ಪಾಗುವುದು ಬೆಳ್ಳಿಯ ಸಹಜ ಗುಣ. ವಿಭೂತಿಯಿಂದ ಉಜ್ಜಿದರೆ ಹೋಗುತ್ತದೆ. ಶಂಕಿಸಬೇಕಾದುದು ಸವೆದ ಕಡೆ ಕೆಂಪು ಹಳದಿ ಕಾಣಿಸಿದರೆ. ಆಯಸ್ಕಾಂತ ಹಿಡಿದರೆ ಬೆಳ್ಳಿಯಲ್ಲವೆಂಬುದು ದಿಟ; ಹಿಡಿಯದಿದ್ದರೆ ಬೆಳ್ಳಿಯೆನ್ನುವಂತಿಲ್ಲ, ಹಿತ್ತಾಳೆಯನ್ನೂ ಅದು ಹಿಡಿಯದು. ಕಲ್ಲು, ಟೊಳ್ಳು ಇಲ್ಲದ ಗಟ್ಟಿ ವಸ್ತುವಾದರೆ ಅಡುಗೆಮನೆಯ ತಕ್ಕಡಿಯೇ ಸಾಕು. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು, ಒಡವೆಯನ್ನು ದಾರದಲ್ಲಿ ಇಳಿಬಿಟ್ಟು ತಳ ತಾಗದಂತೆ ಮುಳುಗಿಸಿ. 52 ಗ್ರಾಮಿನ ಸ್ಟರ್ಲಿಂಗ್ ವಸ್ತುವಾದರೆ ತಕ್ಕಡಿ ಸುಮಾರು 5 ಗ್ರಾಂ ಹೆಚ್ಚು ತೋರಿಸುತ್ತದೆ. ಜರ್ಮನ್ ಸಿಲ್ವರ್ ಆದರೆ ಸುಮಾರು 6 ಗ್ರಾಂ. ಎಕ್ಸ್ ಕಿರಣದ ಯಂತ್ರ ಒಡವೆಗೆ ಗೀರು ಬೀಳದಂತೆ ಕ್ಷಣದಲ್ಲಿ ಉತ್ತರ ಕೊಡುತ್ತದೆ. ಆದರೆ ಅದು ಓದುವುದು ಮೇಲ್ಪದರವನ್ನು. ದಪ್ಪ ಲೇಪವಿದ್ದರೆ ಅದೂ ಏಮಾರುತ್ತದೆ. ಆದುದರಿಂದ ಎರಡನ್ನೂ ಮಾಡಿಸುವುದು ಮೇಲು.

ಅಜ್ಜಿಯ ಕಾಲದ ಕಡಗ, ಡಾಬು, ಗಿಂಡಿಗಳಲ್ಲಿ ಯಾವ ಮುದ್ರೆಯೂ ಇಲ್ಲವೆಂದು ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಅವನ್ನು ಪೆಟ್ಟಿಗೆಯ ಮೂಲೆಗೆ ಹಾಕುವುದುಂಟು. ಅವು ರೂಪಾಯಿ ಕರಗಿಸಿ ಮಾಡಿದ ಬೆಳ್ಳಿಯಾಗಿರುವ ಸಂಭವವೇ ಹೆಚ್ಚು. ಅವನ್ನು ಒಮ್ಮೆ ತೂಗಿಸಿ, ಪರೀಕ್ಷಿಸಿ, ಯಾರ ಕಾಲದ್ದು, ಯಾವ ಊರಿನದು ಎಂಬ ಚೀಟಿಯನ್ನು ಜೊತೆಗಿಡಿ.